ಆರೋಗ್ಯ ಶಿಕ್ಷಣ: ಪಾಠ ಕಲಿಯಬೇಕಾದವರು ಯಾರು?

ಆಟಿ ತಿಂಗಳ ಅಮಾವಾಸ್ಯೆಯ ದಿನ ನಂದಿಕೂರು, ಪಡುಬಿದ್ರಿ, ಕಾಪು ಕಡೆಯ ಮನೆಗಳಲ್ಲಿ ಪಾಲೆ ಮರದ ಕಷಾಯ ಕುಡಿಯುವ ಪದ್ಧತಿ ಇದೆ. ಸೂರ್ಯ ಹುಟ್ಟುವ ಮೊದಲೇ ಮರದ ಬಳಿಗೆ ಹೋಗಬೇಕು. ಕಬ್ಬಿಣದ ಕತ್ತಿ ತಾಗಿಸದೆ ಕಲ್ಲಿನಿಂದ ಜಜ್ಜಿ ತೊಗಟೆ ತೆಗೆಯಬೇಕು. ಅದನ್ನು ಅರೆದು ರಸ ಹಿಂಡಿ, ಕರಿಮೆಣಸು, ಬೆಳ್ಳುಳ್ಳಿ, ಓಮ ಸೇರಿಸಿ, ಬರಿಹೊಟ್ಟೆಯಲ್ಲಿ ಕುಡಿಯಬೇಕು. ನಾಲಗೆಗೆ ಅಂಟುವಂಥ ಕಹಿ. ಆಮೇಲೆ ಹೊಟ್ಟೆ ತಂಪಿಗೆ ಮೆಂತ್ಯದ ಗಂಜಿ. ಈ ಕಷಾಯವನ್ನು ಕುಡಿಯಿರಿ ಎಂದು ಯಾವ ಸರಕಾರವೂ ಗೋಡೆಯ ಮೇಲೆ ಬರೆಸಿಲ್ಲ. ಯಾವ ಇಲಾಖೆಯೂ ಭಾಷಣ ಏರ್ಪಡಿಸಿಲ್ಲ. ಆದರೂ ಆ ದಿನ ಮನೆಯ ಮಕ್ಕಳು ಮುಖ ಕಿವಿಚಿಕೊಂಡು ಅದನ್ನು ಕುಡಿಯುತ್ತಾರೆ.

ಪಾಲೆ ಕಷಾಯದ ಔಷಧಗುಣ ಎಷ್ಟು ಎಂಬುದು ಇಲ್ಲಿ ನಮ್ಮ ಚರ್ಚೆಯ ವಿಷಯವಲ್ಲ. ಮಬ್ಬುಗತ್ತಲಲ್ಲಿ ಬೇರೆ ಮರದ ತೊಗಟೆ ತಂದು ಕುಡಿದು ಅಸ್ವಸ್ಥರಾದವರ ಸುದ್ದಿಯೂ ಪತ್ರಿಕೆಗಳಲ್ಲಿ ಬಂದದ್ದುಂಟು. ಗಮನಿಸಬೇಕಾದ ಸಂಗತಿ ಬೇರೆಯಿದೆ. ಆರೋಗ್ಯಕ್ಕೆ ಒಳ್ಳೆಯದೆಂದು ಜನ ನಂಬಿದ ಒಂದು ಕಹಿಯಾದ ಅಭ್ಯಾಸ ತಲೆಮಾರುಗಳಿಂದ ನಡೆದು ಬಂದಿದೆ. ಹೀಗಿರುವಾಗ, ನೀರು ಕಾಯಿಸಿ ಕುಡಿಯಿರಿ, ಕೆಮ್ಮಿದ್ದರೆ ಕಫ ಪರೀಕ್ಷೆ ಮಾಡಿಸಿ, ಬಸುರಿ ಹೆಂಗಸರು ಚೆನ್ನಾಗಿ ಉಣ್ಣಿರಿ ಎಂಬ ವೈದ್ಯರ ಸಲಹೆಗಳು ಏಕೆ ಅಷ್ಟು ಸುಲಭವಾಗಿ ಮನೆಯೊಳಗೆ ಬರುವುದಿಲ್ಲ?

ಈ ಪ್ರಶ್ನೆಗೆ ಬಹುಕಾಲ ಕೊಡುತ್ತಿದ್ದ ಉತ್ತರ ಒಂದೇ: ‘ಜನರಿಗೆ ತಿಳಿವಳಿಕೆ ಇಲ್ಲ.’ ಆದರೆ ಆ ಉತ್ತರ ಸರಿಯೇ ಎಂದು ಊರೂರು ತಿರುಗಿ ಪರೀಕ್ಷಿಸಿ ನೋಡಿದ ಸಂಶೋಧನೆಗಳು ನಮ್ಮ ರಾಜ್ಯದಲ್ಲೇ, ನಮ್ಮ ಕರಾವಳಿಯಲ್ಲೇ ನಡೆದಿವೆ. ಅವುಗಳಲ್ಲಿ ಕಂಡದ್ದು ಅಧಿಕಾರಿಗಳು ನಿರೀಕ್ಷಿಸಿದ್ದಕ್ಕಿಂತ ಬೇರೆಯಾಗಿತ್ತು.

ದೇವಿ ಹಾಕಿಸುವುದು

ಮೊದಲು ಸ್ವಲ್ಪ ಹಿಂದಕ್ಕೆ ಹೋಗೋಣ. ಕಾಪುವಿನಲ್ಲಿ ಮೂರು ಮಾರಿಗುಡಿಗಳಿವೆ. ಸುಗ್ಗಿ, ಆಟಿ ಮತ್ತು ಜಾರ್ದೆ ತಿಂಗಳುಗಳಲ್ಲಿ ಅಲ್ಲಿ ಮಾರಿಪೂಜೆ ನಡೆಯುತ್ತದೆ. ತುಳುನಾಡಿನ ಹಳ್ಳಿಗಳಲ್ಲಿ ಸಿಡುಬು, ವಾಂತಿಭೇದಿಗಳು ಮಾರಿಯ ಮುನಿಸಿನಿಂದ ಬರುತ್ತವೆ ಎಂಬ ನಂಬಿಕೆ ಇತ್ತು. ಆಟಿ ತಿಂಗಳಲ್ಲಿ ಮನೆಮನೆಗೆ ಬರುವ ಆಟಿ ಕಳೆಂಜ ಊರಿನ ಮಾರಿಯನ್ನು ಕಳೆಯುವವನು. ಇಂಥ ನಂಬಿಕೆಗಳು ಲಸಿಕೆಗೆ ಅಡ್ಡ ಬಂದವು ಎಂದು ಬ್ರಿಟಿಷರ ಕಾಲದ ವರದಿಗಳಲ್ಲಿ ಮತ್ತೆ ಮತ್ತೆ ಬರೆದದ್ದಿದೆ.

ನಮ್ಮ ಭಾಷೆ ಬೇರೆ ಸಾಕ್ಷ್ಯ ಹೇಳುತ್ತದೆ. ಸಿಡುಬಿನ ಲಸಿಕೆ ಚುಚ್ಚಿಸಿಕೊಳ್ಳುವುದಕ್ಕೆ ಕನ್ನಡದ ಜನ ‘ದೇವಿ ಹಾಕಿಸುವುದು’ ಎಂದರು. ರೋಗವೂ ದೇವಿ, ರೋಗ ತಡೆಯುವ ಮದ್ದೂ ದೇವಿ. ಹೊಸದನ್ನು ದೂರ ತಳ್ಳುವ ಮನಸ್ಸಿದ್ದರೆ ಅದಕ್ಕೆ ದೇವಿಯ ಹೆಸರು ಇಡುತ್ತಿರಲಿಲ್ಲ. ಮಾರಿಪೂಜೆಯನ್ನೂ ಬಿಡದೆ, ಲಸಿಕೆಯನ್ನೂ ಒಪ್ಪಿಕೊಂಡ ಮನೆಗಳು ಸಾಕಷ್ಟಿದ್ದವು.

ಒಪ್ಪದವರಿಗೂ ಕಾರಣಗಳಿದ್ದವು. 1802ರಲ್ಲಿ ಮುಂಬಯಿಗೆ ಬಂದ ಜೆನ್ನರನ ಲಸಿಕೆಯನ್ನು ಬಹುಕಾಲ ಒಂದು ಮಗುವಿನ ತೋಳಿನ ಹುಣ್ಣಿನಿಂದ ಕೀವು ತೆಗೆದು ಇನ್ನೊಂದು ಮಗುವಿಗೆ ಚುಚ್ಚಿ ಉಳಿಸಿಕೊಳ್ಳಬೇಕಾಗಿತ್ತು. ಲಸಿಕೆ ಹಾಕಿದ ಒಂದು ವಾರದ ಮೇಲೆ ಆ ಮಗುವನ್ನು ಮತ್ತೆ ಕರೆದೊಯ್ದು ಹುಣ್ಣು ಕೆರೆದು ಕೀವು ತೆಗೆಯುತ್ತಿದ್ದರು. ಜಾತಿಯ ಕಟ್ಟುಪಾಡು ಹಾಗಿರಲಿ, ಯಾವ ತಾಯಿ ತಾನೇ ಇದನ್ನು ಇಷ್ಟಪಟ್ಟಾಳು? ಬೇರೊಬ್ಬರ ಮೈಯ ಕೀವಿನೊಡನೆ ಬೇರೆ ರೋಗವೂ ಬಂದೀತೆಂಬ ಭಯ ಪೂರ್ತಿ ಸುಳ್ಳಾಗಿರಲಿಲ್ಲ. ಮುಂದೆ ಕರುವಿನಿಂದ ತೆಗೆದ ಲಸಿಕೆ ಬಂದ ಮೇಲೆ ಈ ತೊಡಕು ಕಡಿಮೆಯಾಯಿತು.

ಲಸಿಕೆಯ ಪ್ರಚಾರಕ್ಕೆ ಆಗ ಬಳಸಿದ ಉಪಾಯಗಳಲ್ಲಿ ಮೈಸೂರಿನದು ಸ್ವಾರಸ್ಯದ್ದು. 1805ರಲ್ಲಿ ಚಿತ್ರಕಾರ ಥಾಮಸ್ ಹಿಕಿ ಮೂವರು ರಾಜವಂಶದ ಸ್ತ್ರೀಯರ ತೈಲಚಿತ್ರ ಬರೆದ. ಇತಿಹಾಸಕಾರ ನೈಜೆಲ್ ಚಾನ್ಸೆಲರ್ ಅವರ ಅಭಿಪ್ರಾಯದಂತೆ, ಅವರಲ್ಲಿ ಬಲಗಡೆ ನಿಂತವಳು ಮುಮ್ಮಡಿ ಕೃಷ್ಣರಾಜ ಒಡೆಯರ ಕಿರಿಯ ರಾಣಿ ದೇವಾಜಮ್ಮಣ್ಣಿ. ಸೆರಗು ಸರಿಸಿ ತೋಳು ತೋರಿಸುತ್ತಿರುವ ಅವಳ ಭಂಗಿ ಲಸಿಕೆ ಹಾಕಿಸಿಕೊಂಡ ಜಾಗವನ್ನು ಸೂಚಿಸುತ್ತದೆ. ಎಡಗಡೆಯವಳ ಬಾಯಿಯ ಸುತ್ತಲಿನ ಬಿಳಿ ಕಲೆಗಳು ಹಳೆಯ ಕಾಲದ ಸಿಡುಬು ಚುಚ್ಚುವ ಪದ್ಧತಿಯ ಗುರುತು. ಈ ಊಹೆ ಸರಿಯಾದರೆ, ಕನ್ನಡನಾಡಿನ ಮೊದಲ ಆರೋಗ್ಯ ಪ್ರಚಾರಚಿತ್ರ ಇದೇ ಎನ್ನಬಹುದು. ರೋಗದ ವಿವರ, ಅಂಕಿಅಂಶ ಯಾವುದೂ ಅದರಲ್ಲಿಲ್ಲ. ‘ಅರಮನೆಯ ಹೆಣ್ಣುಮಗಳೇ ಹಾಕಿಸಿಕೊಂಡಿದ್ದಾಳೆ’ ಎಂಬುದಷ್ಟೇ ಅದರ ಮಾತು.

ಬಲವಂತದ ಫಲ

ತೊಂಬತ್ತು ವರ್ಷಗಳ ಅನಂತರ ಪ್ಲೇಗ್ ಬಂದಾಗ ಆಳುವವರಿಗೆ ಇಷ್ಟು ತಾಳ್ಮೆ ಉಳಿದಿರಲಿಲ್ಲ. 1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ರೋಗ 1898ರಲ್ಲಿ ಬೆಂಗಳೂರನ್ನು ಮುಟ್ಟಿತು. 1897ರ ಸಾಂಕ್ರಾಮಿಕ ರೋಗಗಳ ಕಾಯಿದೆ ಅಧಿಕಾರಿಗಳಿಗೆ ಮನೆ ಶೋಧಿಸುವ, ರೋಗಿಯನ್ನು ಹೊತ್ತೊಯ್ಯುವ, ಸಾಮಾನು ಸುಡುವ ಅಧಿಕಾರ ಕೊಟ್ಟಿತು. ಪುಣೆಯಲ್ಲಿ ಸೈನಿಕರು ಅಡುಗೆಮನೆ, ದೇವರಕೋಣೆಗಳಿಗೂ ನುಗ್ಗಿದರು. ಜನರ ರೋಷ ಎಷ್ಟಿತ್ತೆಂದರೆ 1897ರ ಜೂನ್ 22ರಂದು ಚಾಪೇಕರ್ ಸಹೋದರರು ಪ್ಲೇಗ್ ಅಧಿಕಾರಿ ರ‍್ಯಾಂಡ್‌ನ ಮೇಲೆ ಗುಂಡು ಹಾರಿಸಿದರು.

ಬಲವಂತದ ನೇರ ಫಲವೆಂದರೆ ಜನ ರೋಗಿಯನ್ನು ಬಚ್ಚಿಡತೊಡಗಿದರು. ಯಾವುದನ್ನು ತಡೆಯಬೇಕೆಂದು ಕಾನೂನು ಮಾಡಿದ್ದರೋ ಅದಕ್ಕೆ ಕಾನೂನೇ ದಾರಿ ಮಾಡಿಕೊಟ್ಟಿತು.

ಇದೇ ಜನ ತಮ್ಮ ಕಣ್ಣಿಗೆ ಕಂಡದ್ದನ್ನು ಮಾತ್ರ ಮರೆಯಲಿಲ್ಲ. ‘ಇಲಿ ಬಿತ್ತು’ ಎಂಬ ಮಾತು ಆ ಕಾಲದಲ್ಲಿ ಹಳೆ ಮೈಸೂರಿನ ಹಳ್ಳಿಗಳಲ್ಲಿ ಹುಟ್ಟಿಸುತ್ತಿದ್ದ ಗಾಬರಿಯನ್ನು ಹಿರಿಯರು ಬಹುಕಾಲ ನೆನೆಯುತ್ತಿದ್ದರು. ಮನೆಯಲ್ಲಿ ಇಲಿ ಸತ್ತು ಬಿದ್ದರೆ ಊರಿಗೆ ಊರೇ ಗಂಟುಮೂಟೆ ಕಟ್ಟಿ ಹೊಲಗಳಲ್ಲಿ ಗುಡಿಸಲು ಹಾಕಿಕೊಳ್ಳುತ್ತಿತ್ತು. ಇಲಿಯ ಮೈಮೇಲಿನ ಚಿಗಟದಿಂದ ರೋಗ ಹರಡುತ್ತದೆಂದು ಫ್ರೆಂಚ್ ವೈದ್ಯ ಪಾಲ್ ಲೂಯಿ ಸಿಮೊಂಡ್ ಕರಾಚಿಯಲ್ಲಿ ಪ್ರಯೋಗದಿಂದ ತೋರಿಸಿದ್ದು 1898ರಲ್ಲಿ. ಪಂಡಿತರು ಅದನ್ನು ಒಪ್ಪಲು ಇನ್ನೂ ಕೆಲವು ವರ್ಷ ಹಿಡಿಯಿತು. ಇಲಿಗೂ ರೋಗಕ್ಕೂ ಇರುವ ನಂಟಿನ ವಿಷಯದಲ್ಲಿ ಹಳ್ಳಿಯವರು ಇಲಾಖೆಗಿಂತ ಹಿಂದೆ ಬಿದ್ದಿರಲಿಲ್ಲ.

ಉಪದೇಶದ ಕಾಲ

ಬಲವಂತದ ಬದಲು ಬೋಧನೆ ಮಾಡಬೇಕೆಂಬ ವಿಚಾರ ಮೊದಲನೆಯ ಮಹಾಯುದ್ಧದ ಅನಂತರ ಬಲವಾಯಿತು. 1920ರ ದಶಕದ ಕೊನೆಯಲ್ಲಿ ಮೈಸೂರು ಸಂಸ್ಥಾನ ಅಮೆರಿಕದ ರಾಕ್‌ಫೆಲ್ಲರ್ ಪ್ರತಿಷ್ಠಾನದ ನೆರವು ಪಡೆದು ಆರೋಗ್ಯ ಇಲಾಖೆಯನ್ನು ಕಟ್ಟಿತು. ಕೊಕ್ಕೆಹುಳು, ಮಲೇರಿಯಾಗಳ ಸಮೀಕ್ಷೆ ನಡೆಯಿತು. ಮಂಡ್ಯ ಮತ್ತು ಕ್ಲೋಸ್‌ಪೇಟೆಗಳಲ್ಲಿ (ಕ್ಲೋಸ್‌ಪೇಟೆ ಎಂದರೆ ಇಂದಿನ ರಾಮನಗರ) ಗ್ರಾಮೀಣ ಆರೋಗ್ಯ ಘಟಕಗಳು ಹುಟ್ಟಿದವು. ಸ್ವಾತಂತ್ರ್ಯಕ್ಕೆ ಮುನ್ನ, 1946ರಲ್ಲಿ ವರದಿ ಕೊಟ್ಟ ಭೋರ್ ಸಮಿತಿಯೂ ಆರೋಗ್ಯ ಶಿಕ್ಷಣಕ್ಕೆ ದೊಡ್ಡ ಸ್ಥಾನ ಕೊಟ್ಟಿತು. ಇವೆಲ್ಲ ಒಳ್ಳೆಯ ಕೆಲಸಗಳೇ. ಆದರೆ ಒಳಗಿದ್ದ ತಿಳಿವಳಿಕೆ ಒಂದು: ಬಲ್ಲವರು ಮೇಲಿದ್ದಾರೆ, ಅರಿಯದವರು ಕೆಳಗಿದ್ದಾರೆ, ಮೇಲಿನಿಂದ ಕೆಳಗೆ ಜ್ಞಾನ ಹರಿದರೆ ನಡತೆ ತಾನಾಗಿ ಬದಲಾಗುತ್ತದೆ.

ಈ ತಿಳಿವಳಿಕೆಗೆ ಮೊದಲ ಪೆಟ್ಟು ಬಿದ್ದದ್ದು ಅಮೆರಿಕದಲ್ಲಿಯೇ. ಅಲ್ಲಿ ಕ್ಷಯರೋಗ ಪತ್ತೆಗೆಂದು ಪುಕ್ಕಟೆ ಕ್ಷ-ಕಿರಣ ಪರೀಕ್ಷೆಯ ವಾಹನಗಳು ಬೀದಿಬೀದಿಗೆ ಬರುತ್ತಿದ್ದವು. ಆದರೂ ಬಹಳ ಜನ ಹತ್ತಿರ ಸುಳಿಯುತ್ತಿರಲಿಲ್ಲ. 1950ರ ದಶಕದಲ್ಲಿ ಗಾಡ್‌ಫ್ರೆ ಹಾಕ್‌ಬಾಮ್ ಎಂಬ ಮನಶ್ಶಾಸ್ತ್ರಜ್ಞ ಬಾಸ್ಟನ್, ಕ್ಲೀವ್‌ಲ್ಯಾಂಡ್, ಡೆಟ್ರಾಯಿಟ್ ನಗರಗಳಲ್ಲಿ 1,200ಕ್ಕೂ ಹೆಚ್ಚು ಮಂದಿಯನ್ನು ಮಾತನಾಡಿಸಿದರು. ತನಗೂ ಈ ರೋಗ ಬರಬಹುದು, ಬೇಗ ಪತ್ತೆಯಾದರೆ ಒಳ್ಳೆಯದು ಎಂಬ ಎರಡು ನಂಬಿಕೆಯೂ ಇದ್ದವರಲ್ಲಿ ಶೇಕಡ 82 ಮಂದಿ ತಾವಾಗಿ ಪರೀಕ್ಷೆ ಮಾಡಿಸಿಕೊಂಡಿದ್ದರು. ಎರಡೂ ಇಲ್ಲದವರಲ್ಲಿ ಹಾಗೆ ಮಾಡಿಸಿಕೊಂಡವರು ಶೇಕಡ 21 ಮಾತ್ರ. ರೋಗದ ಬಗ್ಗೆ ತಿಳಿದಿರುವುದು ಒಂದು, ಅದು ತನ್ನ ಮನೆಯ ವಿಷಯ ಎಂದು ಅನ್ನಿಸುವುದು ಇನ್ನೊಂದು. ಆರೋಗ್ಯ ನಡವಳಿಕೆಯ ಸಂಶೋಧನೆ ಒಂದು ಶಾಸ್ತ್ರವಾಗಿ ಬೆಳೆದದ್ದು ಇಲ್ಲಿಂದ.

ಆದರೆ ಆ ಅಧ್ಯಯನದಲ್ಲಿ ವಾಹನ ಬಾಗಿಲಿಗೆ ಬಂದಿತ್ತು, ಬರಬೇಕಾದವರು ಜನರು. ನಮ್ಮ ದೇಶದಲ್ಲಿ ಪ್ರಶ್ನೆ ತಲೆಕೆಳಗಾಗಿತ್ತು.

ತುಮಕೂರು ಕೊಟ್ಟ ಉತ್ತರ

1959ರಲ್ಲಿ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಸ್ಥಾಪನೆಯಾಯಿತು. ಅದೇ ಹೊತ್ತಿಗೆ ಮದರಾಸಿನ ಕ್ಷಯರೋಗ ಚಿಕಿತ್ಸಾ ಕೇಂದ್ರದ ಪ್ರಯೋಗ ಲೋಕದ ಕಣ್ಣು ತೆರೆಸಿತ್ತು: ರೋಗಿ ಸ್ಯಾನಿಟೋರಿಯಂ ಸೇರಬೇಕಾಗಿಲ್ಲ, ಬಡವರ ಮನೆಯಲ್ಲೇ ಇದ್ದು ಮಾತ್ರೆ ನುಂಗಿದರೂ ಗುಣವಾಗುತ್ತದೆ. ಹಾಗಾದರೆ ಹಳ್ಳಿಗಳಲ್ಲಿರುವ ಲಕ್ಷಾಂತರ ರೋಗಿಗಳನ್ನು ಹುಡುಕುವುದು ಹೇಗೆ? ಜನರಿಗೆ ರೋಗದ ಅರಿವೇ ಇಲ್ಲ, ಮನೆಮನೆಗೆ ಕ್ಷ-ಕಿರಣ ಯಂತ್ರ ಒಯ್ಯದೆ ಗತಿಯಿಲ್ಲ ಎಂಬುದು ಅನೇಕರ ಅಭಿಪ್ರಾಯವಾಗಿತ್ತು.

ಸಂಸ್ಥೆಯಲ್ಲಿದ್ದ ದೇಬಬರ್ ಬ್ಯಾನರ್ಜಿ ವೈದ್ಯ ಪದವಿ ಪಡೆದು ಮಾನವಶಾಸ್ತ್ರ ಓದಿದವರು. ಅವರೂ ವಿಶ್ವ ಆರೋಗ್ಯ ಸಂಸ್ಥೆಯ ಸ್ಟಿಗ್ ಆಂಡರ್ಸನ್ ಅವರೂ ಸೇರಿ ಈ ಅಭಿಪ್ರಾಯವನ್ನು ಪರೀಕ್ಷಿಸಲು ತುಮಕೂರು ಜಿಲ್ಲೆಯನ್ನು ಆರಿಸಿಕೊಂಡರು. ಅಲ್ಲಿ ಸಂಸ್ಥೆಯ ತಂಡ ಕ್ಷ-ಕಿರಣ ಸಮೀಕ್ಷೆ ನಡೆಸಿತ್ತು. ಅದರಲ್ಲಿ ರೋಗದ ಗುರುತು ಕಂಡವರನ್ನೂ, ಅದೇ ವಯಸ್ಸಿನ ಆರೋಗ್ಯವಂತರನ್ನೂ ಪ್ರತ್ಯೇಕವಾಗಿ ಭೇಟಿಯಾಗಿ, ನಿಮಗೆ ಮೈಯಲ್ಲಿ ಏನಾದರೂ ತೊಂದರೆ ಇದೆಯೇ, ಅದಕ್ಕಾಗಿ ಏನು ಮಾಡಿದಿರಿ ಎಂದು ಕೇಳಿದರು.

ಫಲಿತಾಂಶ 1963ರಲ್ಲಿ ಪ್ರಕಟವಾಯಿತು. ಕಫದಲ್ಲಿ ಕ್ರಿಮಿ ಇದ್ದ ರೋಗಿಗಳಲ್ಲಿ ಶೇಕಡ 95ರಷ್ಟು ಮಂದಿಗೆ ತಮ್ಮ ರೋಗಲಕ್ಷಣದ ಅರಿವಿತ್ತು. ಮುಕ್ಕಾಲು ಪಾಲಿಗೆ ಸಮೀಪ ಮಂದಿ ಅದರ ಬಗ್ಗೆ ಚಿಂತೆಗೊಳಗಾಗಿದ್ದರು. ಅರ್ಧಕ್ಕಿಂತ ತುಸು ಹೆಚ್ಚು ಮಂದಿ ಚಿಕಿತ್ಸೆ ಹುಡುಕಿಕೊಂಡು ಆಗಲೇ ಹೊರಟಿದ್ದರು. ಯಾರೂ ಅವರಿಗೆ ಭಾಷಣ ಮಾಡಿರಲಿಲ್ಲ, ಚಿತ್ರ ತೋರಿಸಿರಲಿಲ್ಲ. ಬಿಡದ ಕೆಮ್ಮು, ಸಂಜೆಯ ಜ್ವರ, ಎದೆನೋವು ಅವರಿಗೆ ಹೇಳಬೇಕಾದ್ದನ್ನು ಹೇಳಿದ್ದವು.

ಹಾಗಾದರೆ ಅವರೇಕೆ ಗುಣವಾಗಲಿಲ್ಲ? ಹತ್ತಿರದ ಸರಕಾರಿ ದವಾಖಾನೆಯಲ್ಲಿ ಅವರ ಕಫವನ್ನು ಯಾರೂ ಪರೀಕ್ಷಿಸುತ್ತಿರಲಿಲ್ಲ. ಒಂದು ಸೀಸೆ ಕೆಮ್ಮಿನ ಔಷಧ ಕೊಟ್ಟು ಕಳುಹಿಸುತ್ತಿದ್ದರು. ಕೂಲಿ ಬಿಟ್ಟು, ಮೈಲುಗಟ್ಟಲೆ ನಡೆದು ಬಂದ ರೋಗಿ ಸೀಸೆ ಹಿಡಿದು ಮನೆಗೆ ಮರಳಿ ಮಕ್ಕಳ ನಡುವೆ ಕೆಮ್ಮುತ್ತ ಕೂರುತ್ತಿದ್ದ. ತಿಳಿವಳಿಕೆಯ ಕೊರತೆ ಇದ್ದದ್ದು ನಿಜ. ಅದು ಇದ್ದದ್ದು ಮೇಜಿನ ಆಚೆಬದಿಯಲ್ಲಿ.

ಈ ಸಣ್ಣ ಅಧ್ಯಯನದ ಪರಿಣಾಮ ದೊಡ್ಡದು. 1962ರಲ್ಲಿ ಆರಂಭವಾದ ರಾಷ್ಟ್ರೀಯ ಕ್ಷಯರೋಗ ಕಾರ್ಯಕ್ರಮ, ರೋಗಿಯನ್ನು ಬೆನ್ನಟ್ಟಿ ಹುಡುಕುವುದಕ್ಕಿಂತ, ತಾನಾಗಿ ಬರುವ ರೋಗಿಯನ್ನು ಬರಿಗೈಯಲ್ಲಿ ಕಳುಹಿಸದಂತೆ ನೋಡಿಕೊಳ್ಳುವುದನ್ನು ಆಧಾರವಾಗಿಟ್ಟುಕೊಂಡಿತು. ಕೆಮ್ಮಿ ಬಂದವನ ಕಫವನ್ನು ಹತ್ತಿರದ ಆರೋಗ್ಯ ಕೇಂದ್ರದಲ್ಲೇ ಸೂಕ್ಷ್ಮದರ್ಶಕದಲ್ಲಿ ನೋಡಬೇಕು, ಅಲ್ಲಿಯೇ ಮಾತ್ರೆ ಕೊಡಬೇಕು. ಕಾಗದದ ಮೇಲೆ ಇದು ಅತಿ ಸರಳ. ಆದರೆ ಸೂಕ್ಷ್ಮದರ್ಶಕ ಇದ್ದಲ್ಲಿ ಅದನ್ನು ನೋಡುವವರಿಲ್ಲ, ನೋಡುವವರಿದ್ದಲ್ಲಿ ಮಾತ್ರೆಯಿಲ್ಲ ಎಂಬ ಸ್ಥಿತಿ ದಶಕಗಳ ಕಾಲ ಮುಂದುವರಿಯಿತು. ಚಿಕಿತ್ಸೆಯನ್ನು ನಡುವೆ ಬಿಟ್ಟ ರೋಗಿಗೆ ‘ಬೇಜವಾಬ್ದಾರಿ’ ಎಂಬ ಹೆಸರು ಮಾತ್ರ ತಪ್ಪಲಿಲ್ಲ. ಕ್ಷಯರೋಗಿಗೆ ಮಾತ್ರೆಯಷ್ಟೇ ಅನ್ನವೂ ಮುಖ್ಯ ಎಂಬುದನ್ನು ಒಪ್ಪಿ, ಆಹಾರಕ್ಕಾಗಿ ತಿಂಗಳಿಗೆ 500 ರೂಪಾಯಿ ಕೊಡುವ ಯೋಜನೆ ಬಂದದ್ದು 2018ರಲ್ಲಿ. 2024ರ ಕೊನೆಯಲ್ಲಿ ಅದು 1,000 ರೂಪಾಯಿಯಾಯಿತು.

ಹೊಟ್ಟೆ, ಕೂಸು ಮತ್ತು ಅನ್ನ

ತುಮಕೂರಿನಿಂದ ಈಗ ನಮ್ಮ ಕರಾವಳಿಗೆ ಬರೋಣ. 1970ರ ದಶಕದಲ್ಲಿ ಮಾರ್ಕ್ ನಿಕ್ಟರ್ ಎಂಬ ಅಮೆರಿಕದ ಮಾನವಶಾಸ್ತ್ರಜ್ಞ ಆಗಿನ ಅವಿಭಜಿತ ದಕ್ಷಿಣ ಕನ್ನಡಕ್ಕೆ ಬಂದು ಹಳ್ಳಿಗಳಲ್ಲಿ ಅಧ್ಯಯನ ನಡೆಸಿದರು. ಪತ್ನಿ ಮಿಮಿ ನಿಕ್ಟರ್ ಅವರ ಸಹ ಸಂಶೋಧಕಿ. ಜನ ಔಷಧವನ್ನು ಹೇಗೆ ಅರ್ಥ ಮಾಡಿಕೊಳ್ಳುತ್ತಾರೆ, ಉಷ್ಣ-ಶೀತ ಎಂದರೇನು, ಯಾವ ರೋಗಕ್ಕೆ ಯಾವ ವೈದ್ಯರ ಬಳಿಗೆ ಹೋಗುತ್ತಾರೆ, ಪ್ರಾಥಮಿಕ ಆರೋಗ್ಯ ಕೇಂದ್ರದ ಒಳಗೆ ಯಾರ ಮಾತು ನಡೆಯುತ್ತದೆ ಎಂಬುದನ್ನೆಲ್ಲ ಅವರು ಬರೆದಿಟ್ಟರು. ಆರೋಗ್ಯ ಮಾನವಶಾಸ್ತ್ರ ಓದುವ ಹೊರದೇಶಗಳ ವಿದ್ಯಾರ್ಥಿಗಳಿಗೆ ಇಂದಿಗೂ ದಕ್ಷಿಣ ಕನ್ನಡದ ಹೆಸರು ಪರಿಚಿತವಾಗಿರುವುದು ಈ ಬರಹಗಳಿಂದ.

1983ರಲ್ಲಿ ಪ್ರಕಟವಾದ ಅವರ ಒಂದು ಲೇಖನ ಬಸುರಿಯರ ಊಟದ ಬಗ್ಗೆ ಇದೆ. ‘ಇಬ್ಬರ ಊಟ ಮಾಡಬೇಕು’ ಎಂದು ದಾದಿಯರು ಹೇಳುತ್ತಿದ್ದರು. ಹಳ್ಳಿಯ ಅನೇಕ ಹೆಂಗಸರು ಹಾಗೆ ಮಾಡುತ್ತಿರಲಿಲ್ಲ. ಬಡತನ ಒಂದು ಕಾರಣ. ಆದರೆ ಅದೊಂದೇ ಅಲ್ಲ. ಕೂಸೂ ಅನ್ನವೂ ಇರುವುದು ಒಂದೇ ಹೊಟ್ಟೆಯಲ್ಲಿ. ಅನ್ನ ಹೆಚ್ಚಾದರೆ ಕೂಸಿಗೆ ಜಾಗ ಸಾಲದು ಎಂಬುದು ಅವರ ಲೆಕ್ಕವಾಗಿತ್ತು. ಇನ್ನೊಂದು ಭಯ ಹೆರಿಗೆಯದು. ಕೂಸು ದೊಡ್ಡದಾದರೆ ಹೆರಿಗೆ ಕಷ್ಟ, ಆಸ್ಪತ್ರೆ ದೂರ. ಸಣ್ಣ ಕೂಸಾದರೆ ಸುಲಭವಾಗಿ ಹೆರಬಹುದು, ಆಮೇಲೆ ಬೆಳೆಸಿಕೊಳ್ಳಬಹುದು. ಸರಕಾರ ಹಂಚುತ್ತಿದ್ದ ಕಬ್ಬಿಣಾಂಶದ ಮಾತ್ರೆಯ ಬಗ್ಗೆಯೂ ಇಂಥದೇ ಅನುಮಾನಗಳಿದ್ದವು.

ಇದನ್ನು ಅಜ್ಞಾನ ಎಂದು ತಳ್ಳಿಹಾಕುವುದು ಸುಲಭ. ಸ್ವಲ್ಪ ಯೋಚಿಸಿದರೆ, ರಾತ್ರಿ ಹೊತ್ತು ಹೆರಿಗೆಗೆ ಕಷ್ಟವಾದರೆ ಹೊಳೆ ದಾಟಿಸಲು ದೋಣಿಯಿಲ್ಲದ ಊರಿನಲ್ಲಿ ಇದು ಪ್ರಾಣ ಉಳಿಸಿಕೊಳ್ಳುವ ಲೆಕ್ಕಾಚಾರ ಎಂಬುದು ಹೊಳೆಯುತ್ತದೆ. ಅವಳಿಗೆ ಪೌಷ್ಟಿಕಾಂಶದ ಪಟ್ಟಿ ಓದಿ ಹೇಳಿದರೆ ಆ ಭಯ ಹೋಗುವುದಿಲ್ಲ. ಹೆರಿಗೆಗೆ ಹತ್ತಿರದಲ್ಲಿ ಒಂದು ಭರವಸೆಯ ಜಾಗ ಇದ್ದರೆ ಅರ್ಧ ಭಯ ಹೋದೀತು. ಉಳಿದರ್ಧಕ್ಕೆ ಅವಳ ಭಾಷೆಯಲ್ಲಿ ಮಾತನಾಡಬೇಕು.

ಈ ಎರಡನೆಯ ಕೆಲಸಕ್ಕೆ ನಿಕ್ಟರ್ ದಂಪತಿ ಸೂಚಿಸಿದ ದಾರಿ ಹೋಲಿಕೆಯದು. ಹೊಸ ವಿಷಯವನ್ನು ಜನರಿಗೆ ಈಗಾಗಲೇ ಚೆನ್ನಾಗಿ ಗೊತ್ತಿರುವ ಅನುಭವಕ್ಕೆ ಜೋಡಿಸಿ ಹೇಳಬೇಕು ಎಂಬುದು ಅವರ ವಾದ. ನಮ್ಮ ಕಡೆಯ ಉದಾಹರಣೆಯನ್ನೇ ತೆಗೆದುಕೊಳ್ಳೋಣ. ಗದ್ದೆಯ ಕೆಲಸ ಬಲ್ಲ ಯಾವ ಹೆಂಗಸಿಗೂ ನೇಜಿಯ ವಿಷಯ ಹೇಳಿಕೊಡಬೇಕಾಗಿಲ್ಲ. ಬಡಕಲು ನೇಜಿಯನ್ನು ಕೀಳುವುದು ಸುಲಭ, ಆದರೆ ನೆಟ್ಟ ಮೇಲೆ ಅದು ಮಳೆಗೂ ಹುಳಕ್ಕೂ ತಡೆಯುವುದಿಲ್ಲ. ಈ ಒಂದು ಮಾತು ಹೇಳಿದರೆ ಸಣ್ಣ ಕೂಸಿನ ಅಪಾಯ ಅವಳಿಗೇ ಹೊಳೆಯುತ್ತದೆ. ಹೀಗೆ ಹೇಳಬೇಕಾದರೆ ಹೇಳುವವರಿಗೆ ನೇಜಿಯ ವಿಷಯ ಗೊತ್ತಿರಬೇಕು. ಎಂದರೆ, ಕಲಿಸುವವರು ಮೊದಲು ಕಲಿಯಬೇಕು.

ಕಾಡಿಗೆ ಹೋಗಬೇಡಿ ಎಂದರೆ

ಜನರ ಬದುಕಿಗೂ ಆರೋಗ್ಯದ ಸಲಹೆಗೂ ನೇರ ಜಗಳ ಬಿದ್ದದ್ದು ಮಂಗನ ಕಾಯಿಲೆಯಲ್ಲಿ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದವು. ಜನರಿಗೂ ಜ್ವರ ಬಂತು. ಉಣುಗುಗಳ ಮೂಲಕ ಹರಡುವ ಹೊಸ ವೈರಸ್ ಪತ್ತೆಯಾಗಿ, ರೋಗಕ್ಕೆ ಕ್ಯಾಸನೂರಿನ ಹೆಸರೇ ಬಂತು. 1980ರ ದಶಕದ ಆರಂಭದಲ್ಲಿ ಅದು ಬೆಳ್ತಂಗಡಿ ತಾಲೂಕಿನಲ್ಲಿ ಭೀಕರವಾಗಿ ಕಾಣಿಸಿಕೊಂಡಿತು. 1983ರಲ್ಲಿ 1,500ಕ್ಕೂ ಹೆಚ್ಚು ಮಂದಿಗೆ ರೋಗ ತಗಲಿ, ಸುಮಾರು 150 ಮಂದಿ ಸತ್ತರು. ಗೇರು ತೋಟಕ್ಕಾಗಿ ಕಾಡನ್ನು ಬೋಳಿಸಿದ ಪ್ರದೇಶದಲ್ಲಿ ರೋಗ ಎದ್ದಿತ್ತು.

1987ರಲ್ಲಿ ಇದರ ಬಗ್ಗೆ ಬರೆದ ನಿಕ್ಟರ್ ಇದನ್ನು ‘ಅಭಿವೃದ್ಧಿಯ ರೋಗ’ ಎಂದು ಕರೆದರು. ಕಾಡು ಕಡಿದದ್ದಕ್ಕೆ ಭೂತಗಳು ಮುನಿದಿವೆ ಎಂದು ಊರವರು ಹೇಳುತ್ತಿದ್ದುದನ್ನು ಅವರು ದಾಖಲಿಸಿದ್ದಾರೆ. ವಿಜ್ಞಾನಿಗಳು ಹೇಳಿದ್ದು ಉಣುಗು, ಮಂಗ, ದನಗಳ ಸಂಬಂಧ ಕೆಟ್ಟಿತೆಂದು. ಭಾಷೆ ಬೇರೆಯಾದರೂ ಎರಡೂ ಬೆರಳುಗಳು ತೋರಿಸಿದ್ದು ಬೋಳಾದ ಕಾಡಿನ ಕಡೆಗೇ. ಅಧಿಕಾರಿಗಳು ಆ ಮಾತನ್ನು ಮೂಢನಂಬಿಕೆ ಎಂದು ಬದಿಗಿಡದೆ ಕಿವಿಗೊಟ್ಟಿದ್ದರೆ ಮಾತುಕತೆಗೆ ಒಂದು ಒಳ್ಳೆಯ ಆರಂಭ ಸಿಗುತ್ತಿತ್ತು.

ಇಲಾಖೆ ಕೊಟ್ಟ ಸಲಹೆ: ಕಾಡಿಗೆ ಹೋಗಬೇಡಿ, ಹೋದರೆ ಮೈಗೆ ಡಿಎಂಪಿ ತೈಲ ಹಚ್ಚಿ, ಬಂದ ಮೇಲೆ ಬಿಸಿನೀರಿನಲ್ಲಿ ಸ್ನಾನ ಮಾಡಿ, ಲಸಿಕೆ ಹಾಕಿಸಿಕೊಳ್ಳಿ. ಎಲ್ಲವೂ ಸರಿಯಾದ ಮಾತುಗಳೇ. ಆದರೆ ಮಲೆನಾಡು, ಘಟ್ಟದ ಬುಡದ ಕೃಷಿ ನಿಂತಿರುವುದೇ ಕಾಡಿನ ಸೊಪ್ಪು, ತರಗೆಲೆಗಳ ಮೇಲೆ. ಹಟ್ಟಿಗೆ ಸೊಪ್ಪು ಹಾಕದೆ ಗೊಬ್ಬರವಿಲ್ಲ, ಗೊಬ್ಬರವಿಲ್ಲದೆ ತೋಟವಿಲ್ಲ. ರೋಗ ಹೆಚ್ಚುವ ಬೇಸಗೆಯ ತಿಂಗಳುಗಳೇ ತರಗೆಲೆ ಗುಡಿಸುವ ಕಾಲ. ಲಸಿಕೆಯಾದರೂ ಒಮ್ಮೆ ಹಾಕಿಸಿದರೆ ಮುಗಿಯುತ್ತಿರಲಿಲ್ಲ. ತಿಂಗಳ ಅಂತರದಲ್ಲಿ ಎರಡು, ಆಮೇಲೆ ಮತ್ತೊಂದು, ಮುಂದೆ ವರ್ಷವರ್ಷವೂ ಚುಚ್ಚಿಸಿಕೊಳ್ಳಬೇಕಾಗಿತ್ತು. ನೋವೂ ಹೆಚ್ಚು. ಜನ ಹಿಂದೆಗೆದಾಗ ‘ಎಷ್ಟು ಹೇಳಿದರೂ ಕೇಳುವುದಿಲ್ಲ’ ಎಂಬ ದೂರು ಕೇಳಿಬಂತು. ಕೊನೆಗೆ ಆ ಲಸಿಕೆಯೇ ಸಾಕಷ್ಟು ರಕ್ಷಣೆ ಕೊಡುವುದಿಲ್ಲವೆಂದು ಕಂಡುಬಂದು 2022ರಲ್ಲಿ ಅದರ ಬಳಕೆ ನಿಂತಿತು. ಹೊಸ ಲಸಿಕೆಗಾಗಿ ಪ್ರಯತ್ನ ನಡೆದಿದೆ.

ಹೇಳುವವರು ಯಾರು?

ಆರೋಗ್ಯದ ಮಾತು ನಾಟುವುದು ಹೇಳುವವರ ಮೇಲಿನ ನಂಬಿಕೆಯಿಂದ. ಇದಕ್ಕೆ ಉಡುಪಿಯ ಇತಿಹಾಸದಲ್ಲಿ ಒಳ್ಳೆಯ ನಿದರ್ಶನಗಳಿವೆ. 1923ರ ಜೂನ್‌ನಲ್ಲಿ ಸ್ವಿಟ್ಜರ್‌ಲೆಂಡಿನ ವೈದ್ಯೆ ಇವಾ ಲೋಂಬಾರ್ಡ್ ಉಡುಪಿಯಲ್ಲಿ ಹೆಂಗಸರಿಗೂ ಮಕ್ಕಳಿಗೂ ಒಂದು ಆಸ್ಪತ್ರೆ ತೆರೆದರು. ಮನೆಯಲ್ಲೇ ಹೆರಿಗೆಯಾಗುತ್ತಿದ್ದ ಕಾಲ ಅದು. ಹೆಣ್ಣು ವೈದ್ಯೆ ಹತ್ತಿರದಲ್ಲಿ ಇದ್ದಾಳೆ ಎಂಬ ಸಂಗತಿ ಹತ್ತು ಭಾಷಣಗಳಿಗಿಂತ ಹೆಚ್ಚಿನ ಕೆಲಸ ಮಾಡಿತು. ಇಂದು ಆ ಆಸ್ಪತ್ರೆಗೆ ಅವರ ಹೆಸರೇ ಇದೆ.

1953ರಲ್ಲಿ ಡಾ. ಟಿ.ಎಂ.ಎ. ಪೈ ಮಣಿಪಾಲದಲ್ಲಿ ಕಸ್ತೂರ್ಬಾ ವೈದ್ಯಕೀಯ ಕಾಲೇಜು ಸ್ಥಾಪಿಸಿದರು. ಮುಂದೆ ಆ ಕಾಲೇಜು ಮಲ್ಪೆ, ಉದ್ಯಾವರ, ಕಟಪಾಡಿ ಮುಂತಾದ ಕರಾವಳಿಯ ಊರುಗಳಲ್ಲಿ ಗ್ರಾಮೀಣ ಹೆರಿಗೆ ಮತ್ತು ಶಿಶು ಕಲ್ಯಾಣ ಕೇಂದ್ರಗಳನ್ನು ನಡೆಸಿತು. ಮೀನುಗಾರರ, ಕೃಷಿಕೂಲಿಗಳ ಮನೆಯ ಹೆಂಗಸರು ನಡೆದು ಹೋಗುವಷ್ಟು ದೂರದಲ್ಲಿ, ಹೆಸರು ಹಿಡಿದು ಕರೆಯುವ ದಾದಿ ಇರುವ ಕೇಂದ್ರಗಳು ಅವು. ಬಸುರಿಗೆ ಹೆರಿಗೆಯ ಭಯವಿದೆ ಎಂದು ಮಾನವಶಾಸ್ತ್ರಜ್ಞ ಬರೆದದ್ದಕ್ಕೆ ಇಂಥ ಕೇಂದ್ರಗಳೇ ಉತ್ತರ. 2005ರ ಅನಂತರ ಬಂದ ಆಶಾ ಕಾರ್ಯಕರ್ತೆಯರ ಬಲವೂ ಇದೇ. ಆಕೆ ಅದೇ ಊರಿನ ಸೊಸೆ ಅಥವಾ ಮಗಳು. ಯಾರ ಮನೆಯಲ್ಲಿ ಯಾರಿಗೆ ಮದ್ದು ನುಂಗಲು ಬಿಡುವಿಲ್ಲ ಎಂಬುದು ಆಕೆಗೆ ಗೊತ್ತು. ಆಕೆಗೆ ಗೊತ್ತಿರುವುದನ್ನು ಮೇಲಿನವರು ಕೇಳುತ್ತಾರೆಯೇ ಎಂಬುದು ಬೇರೆ ಪ್ರಶ್ನೆ. ಸಾಮಾನ್ಯವಾಗಿ ಆಕೆಯಿಂದ ಕೇಳುವುದು ಅಂಕಿಗಳನ್ನು ಮಾತ್ರ.

ಇಂದಿನ ಪ್ರಶ್ನೆ

1986ರಲ್ಲಿ ಕೆನಡಾದ ಒಟಾವದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ನಡೆಸಿದ ಸಮ್ಮೇಳನದ ಸನ್ನದು ಈ ದೀರ್ಘ ಅನುಭವದ ಸಾರವನ್ನು ಒಪ್ಪಿಕೊಂಡಿತು. ಒಬ್ಬೊಬ್ಬರಿಗೂ ಬುದ್ಧಿ ಹೇಳಿದರೆ ಸಾಲದು, ಒಳ್ಳೆಯ ಆಯ್ಕೆ ಸುಲಭವಾಗುವಂಥ ಪರಿಸರ ಕಟ್ಟಬೇಕು ಎಂಬುದು ಅದರ ತಾತ್ಪರ್ಯ. ಕುಡಿಯುವ ನೀರಿನಿಂದ ಬರುವ ನಾರುಹುಣ್ಣು ನಮ್ಮ ದೇಶದಿಂದ ಹೋದದ್ದು ಹೀಗೆಯೇ. ಬಟ್ಟೆಯಲ್ಲಿ ನೀರು ಸೋಸಿ ಕುಡಿಯಿರಿ ಎಂಬ ಪಾಠದ ಜೊತೆಗೆ, ಇಳಿದು ನೀರು ತುಂಬುವ ಬಾವಿಗಳನ್ನು ಸೇದುವ ಬಾವಿಗಳಾಗಿ ಮಾರ್ಪಡಿಸಿದರು, ಕೊಳವೆಬಾವಿ ತೋಡಿದರು. ಉತ್ತರ ಕರ್ನಾಟಕವನ್ನೂ ಕಾಡಿದ್ದ ಆ ರೋಗದ ದೇಶದ ಕೊನೆಯ ಪ್ರಕರಣ ಕಂಡದ್ದು 1996ರಲ್ಲಿ, ರಾಜಸ್ಥಾನದಲ್ಲಿ.

ನಂದಿಕೂರಿನಂಥ ಊರಿಗೆ ಇಂದು ಈ ಪಾಠ ಎಷ್ಟು ಹತ್ತಿರದ್ದೆಂದು ವಿವರಿಸಬೇಕಾಗಿಲ್ಲ. ಕೊಂಕಣ ರೈಲು, ಕೈಗಾರಿಕಾ ಪ್ರದೇಶ, ಪಕ್ಕದ ಎಲ್ಲೂರಿನಲ್ಲಿ 2010ರಲ್ಲಿ ಆರಂಭವಾದ 1,200 ಮೆಗಾವಾಟ್‌ನ ಕಲ್ಲಿದ್ದಲು ವಿದ್ಯುತ್ ಸ್ಥಾವರ ಎಲ್ಲವೂ ಒಂದು ತಲೆಮಾರಿನ ಒಳಗೆ ಬಂದವು. ಹಾರುಬೂದಿ, ಉಪ್ಪುನೀರಿನ ಹನಿಗಳ ಬಗ್ಗೆ ಸುತ್ತಲಿನ ರೈತರು ವರ್ಷಗಟ್ಟಲೆ ದೂರಿದರು. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2022ರಲ್ಲಿ ಪರಿಸರ ಪರಿಹಾರ ಕಟ್ಟುವಂತೆ ಸ್ಥಾವರಕ್ಕೆ ಆದೇಶಿಸಿತು. ಅಲ್ಲಿಯವರೆಗೆ ಮಲ್ಲಿಗೆ ಗಿಡದ ಎಲೆಯ ಮೇಲೆ, ಬಾವಿಯ ನೀರಿನಲ್ಲಿ ಕಂಡದ್ದನ್ನು ಹೇಳುತ್ತಿದ್ದವರಿಗೆ ತಿಳಿವಳಿಕೆ ಇರಲಿಲ್ಲವೇ?

ಉಪ್ಪು ಕಡಿಮೆ ತಿನ್ನಿ, ದಿನವೂ ನಡೆಯಿರಿ, ಬೀಡಿ ಸೇದಬೇಡಿ ಎಂಬ ಮಾತುಗಳು ಬೇಡವೆಂದು ಇದರ ಅರ್ಥವಲ್ಲ. ರಕ್ತದೊತ್ತಡ, ಸಕ್ಕರೆ ಕಾಯಿಲೆಗಳ ಈ ಕಾಲದಲ್ಲಿ ಅವು ಹಿಂದೆಂದಿಗಿಂತ ಹೆಚ್ಚು ಬೇಕು. ಆದರೆ ನಡೆಯಿರಿ ಎನ್ನುವವರು ಲಾರಿಗಳು ಓಡಾಡುವ ರಸ್ತೆಯ ಬದಿಯಲ್ಲಿ ಕಾಲಿಡಲು ಜಾಗ ಇದೆಯೇ ಎಂದು ನೋಡಬೇಕು. ಮಾತ್ರೆ ಬಿಡಬೇಡಿ ಎನ್ನುವವರು ಆರೋಗ್ಯ ಕೇಂದ್ರದಲ್ಲಿ ಈ ತಿಂಗಳ ಮಾತ್ರೆ ಇದೆಯೇ ಎಂದು ವಿಚಾರಿಸಬೇಕು. ತುಮಕೂರಿನ ರೋಗಿ ಕೆಮ್ಮಿನ ಸೀಸೆ ಹಿಡಿದು ಮನೆಗೆ ಮರಳಿ ಅರವತ್ತು ವರ್ಷ ದಾಟಿತು. ಮುಂದಿನ ಆರೋಗ್ಯ ಶಿಬಿರಕ್ಕೆ ಕರಪತ್ರ ಅಚ್ಚು ಹಾಕಿಸುವ ಮುನ್ನ, ಬಂದವರ ಕೈಗೆ ನಾವು ಏನನ್ನು ಕೊಟ್ಟು ಕಳುಹಿಸುತ್ತಿದ್ದೇವೆ ಎಂಬುದನ್ನು ಒಮ್ಮೆ ನೋಡಿಕೊಳ್ಳುವುದು ಒಳ್ಳೆಯದು.